ಬೋಳನ ಹಿಮ್ಮಡಿ

೧೯೮೧ರಲ್ಲಿ ನಾನು ಶಾಲೆ ಬಿಟ್ಟೆ, ಎಂಟನೆಯ ತರಗತಿಯ ನಡುವಿನಲ್ಲಿ. ಯಾರೂ ಬಿಡಿಸಿದ್ದಲ್ಲ. ಪುಸ್ತಕದ ಚೀಲವನ್ನು ಅಟ್ಟದ ಮೇಲಿಟ್ಟು ವಾಮದಪದವಿನಾಚೆಯ ಕೆಂಪುಕಲ್ಲಿನ ಕೋರೆಗೆ ನಾನೇ ನಡೆದು ಹೋದದ್ದು. ಇಪ್ಪತ್ತು ತುಂಬುವಾಗ ದಿನಕ್ಕೆ ಐವತ್ತು ಕಲ್ಲು ಕಡಿಯುತ್ತಿದ್ದೆ, ಒಂದರ ಮೂಲೆಯೂ ಒಡೆಯದ ಹಾಗೆ. ಬಂಟ್ವಾಳದಿಂದ ಮೂಡುಬಿದಿರೆಗೆ ಯಾವ ದಾರಿಯಲ್ಲಿ ಹೋದರೂ ನಾನು ಕಡಿದ ಕಲ್ಲಿನ ಗೋಡೆ ಒಂದಾದರೂ ಸಿಗುತ್ತದೆ. ಗಾರೆ ಬಳಿದು ಬಣ್ಣ ಕೊಟ್ಟಿರುವುದರಿಂದ ಕಾಣುವುದಿಲ್ಲ, ಅಷ್ಟೆ. ಪಾಪ, ಓದಲಿಕ್ಕಾಗಲಿಲ್ಲವಲ್ಲ ಎಂದು ಯಾರಾದರೂ ಮರುಕ ತೋರಿಸಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆದರೆ ಬರೆಯಲು ಕೂತದ್ದು ಕಲ್ಲಿನ ವಿಷಯವಲ್ಲ. ನೂರು ವರ್ಷಕ್ಕೂ ಹಿಂದೆ ದೂರದ ದೇಶಗಳಲ್ಲಿ ಗುದ್ದಾಡುತ್ತಿದ್ದ ಭಾರೀ ಮೈಯ ಬಾಕ್ಸರುಗಳ ವಿಷಯ. ಅವರಲ್ಲಿ ಯಾರಿಗೆ ಕಸುಬು ಗೊತ್ತಿತ್ತು, ಯಾರಿಗೆ ಬರೀ ಮೈ ಇತ್ತು ಎಂದು ತೀರ್ಮಾನ ಮಾಡುವುದು ನನ್ನ ಪ್ರಾಯದ ಕಾಲದ ಮಧ್ಯಾಹ್ನಗಳ ಕೆಲಸವಾಗಿತ್ತು. ಕೇಳಿದವರು ನಗುತ್ತಾರೆ. ನಗಲಿ. ಆ ಕೆಲಸದಲ್ಲಿ ನಾನೊಬ್ಬನೇ ಇರಲಿಲ್ಲ, ನಾವಿಬ್ಬರಿದ್ದೆವು.

ಇನ್ನೊಬ್ಬ ಕಕ್ಕಿಂಜೆಯವನು. ನನಗಿಂತ ಹತ್ತು ವರ್ಷ ದೊಡ್ಡವನು, ಆದರೂ ಏಕವಚನದ ಗೆಳೆಯ. ಬೊಂಬಾಯಿಯ ಹೋಟೆಲೊಂದರಲ್ಲಿ ಒಂಬತ್ತು ವರ್ಷ ತಟ್ಟೆ ತೊಳೆದು, ಧಣಿಯೊಡನೆ ಜಗಳ ಮಾಡಿಕೊಂಡು ಊರಿಗೆ ಬಂದು ನಮ್ಮ ಕೋರೆಗೆ ಸೇರಿದ. ಬೊಂಬಾಯಿಯಿಂದ ಬಂದವರ ಪೆಟ್ಟಿಗೆಯಲ್ಲಿ ಸೆಂಟು, ಟೆರಿಲಿನ್ ಅಂಗಿ, ಟ್ರಾನ್ಸಿಸ್ಟರ್ ಇರುತ್ತಿದ್ದ ಕಾಲ ಅದು. ಇವನ ತಗಡಿನ ಪೆಟ್ಟಿಗೆಯಲ್ಲಿ ಇದ್ದದ್ದು ವಿದೇಶಿ ಪತ್ರಿಕೆಗಳ ಹಳೆಯ ಹಾಳೆಗಳು. ಹೋಟೆಲಿನ ಪಕ್ಕದ ರದ್ದಿ ಅಂಗಡಿಯಿಂದ ಒಂದೊಂದಾಗಿ ಹೆಕ್ಕಿದ್ದಂತೆ. ಎಲ್ಲದರಲ್ಲೂ ಬಾಕ್ಸರುಗಳು, ಕಪ್ಪುಬಿಳುಪು, ಹೆಚ್ಚಿನವರು ಅವನ ಅಜ್ಜನ ಕಾಲದವರು.

ಇಂಗ್ಲಿಷ್ ನಮ್ಮಿಬ್ಬರಿಗೂ ಅಷ್ಟಕ್ಕಷ್ಟೆ. ಅಂಕಿಗಳನ್ನು ಓದುತ್ತಿದ್ದೆವು, ಯಾವ ಇಸವಿ, ಎಷ್ಟನೆಯ ಸುತ್ತು ಎಂದು. ಹೆಸರುಗಳನ್ನು ನಾವೇ ಇಟ್ಟೆವು. ತಲೆ ನುಣ್ಣಗೆ ಬೋಳಿಸಿಕೊಂಡ, ಕಪ್ಪು ಮೈಯ, ಪೆಟ್ಟುಗಳ ನಡುವೆ ನಗುತ್ತ ನಿಂತವನು ಬೋಳ. ಎಲ್ಲರಿಗಿಂತ ಎತ್ತರದವನು ಕಂಬ. ತಲೆ ತಗ್ಗಿಸಿ ನುಗ್ಗುವವನು ಹಂದಿ. ಅದು ಬೈಗುಳವಲ್ಲ, ಕಾಡುಹಂದಿ ನುಗ್ಗುವುದನ್ನು ಒಮ್ಮೆ ನೋಡಿದವರಿಗೆ ಅದು ಮರ್ಯಾದೆಯ ಹೆಸರು.

ಬೋಳನೆಂದರೆ ಅವನಿಗೆ ಪ್ರಾಣ. "ನನ್ನ ಬಣ್ಣದವ ಮಾರಾಯ," ಎಂದು ತನ್ನ ತೋಳನ್ನು ಚಿತ್ರದ ಪಕ್ಕ ಹಿಡಿದು ತೋರಿಸುತ್ತಿದ್ದ. "ಹೋಟೆಲಲ್ಲಿ ನನ್ನನ್ನು ಹಿಂದೆ ತಟ್ಟೆ ತೊಳೀಲಿಕ್ಕೆ ಇಟ್ರು. ಬಿಳಿ ಮೋರೆಯವನನ್ನು ಎದುರು ಕೂರಿಸಿದ್ರು. ಇವನನ್ನು ಹಿಂದೆ ಕೂರಿಸ್ಲಿಕ್ಕೆ ಯಾರಿಗಾದ್ರೂ ಆಯ್ತಾ?"

ಅವನ ತೀರ್ಮಾನದ ಕ್ರಮವೇ ಬೇರೆ. ಹಾಳೆಯನ್ನು ಕಲ್ಲಿನ ಮೇಲೆ ಹಾಸಿ, ಹೆಗಲ ಮೇಲಿನ ವಸ್ತ್ರವನ್ನು, ನಮ್ಮ ಕಡೆಯ ಬೈರಾಸನ್ನು, ಮಡಚಿ ಅದರ ಮೇಲಿಟ್ಟು, ಬಾಕ್ಸರುಗಳ ಪಾದ ಮಾತ್ರ ಕಾಣುವ ಹಾಗೆ ಮಾಡುತ್ತಿದ್ದ. "ಮುಖ ನೋಡ್ಬೇಡ, ಮುಖ ಸುಳ್ಳು ಹೇಳ್ತದೆ. ತೋಳೂ ಸುಳ್ಳು ಹೇಳ್ತದೆ. ಹಿಮ್ಮಡಿ ನೋಡು." ಮೈಯ ಭಾರ ಎಲ್ಲಿದೆ, ಪೆಟ್ಟು ಎಲ್ಲಿಂದ ಹೊರಟಿದೆ, ಅದು ತಪ್ಪಿದರೆ ಇವನು ಬೀಳುತ್ತಾನೋ ನಿಲ್ಲುತ್ತಾನೋ, ಎಲ್ಲವನ್ನೂ ಅವನು ಪಾದದಲ್ಲಿ ಓದುತ್ತಿದ್ದ. ಗೆಲ್ಲುವವನು ಯಾರೆಂದು ಹೇಳಿ ಆಮೇಲೆ ಬೈರಾಸು ತೆಗೆಯುತ್ತಿದ್ದ. ಮುಂದಿನ ಪುಟದಲ್ಲಿ ಬಿದ್ದವನ ಚಿತ್ರ ಇರುತ್ತಿತ್ತು. ಹತ್ತರಲ್ಲಿ ಎಂಟು ಸಲ ಅವನು ಹೇಳಿದವನೇ ನಿಂತಿರುತ್ತಿದ್ದ. ಆ ಚಿತ್ರಗಳನ್ನೆಲ್ಲ ಅವನು ಮೊದಲೇ ನೋಡಿಲ್ಲವೇ ಎಂದು ನಾನು ಚುಚ್ಚಿದರೆ, "ಹಾಗಾದ್ರೆ ಬಾ, ಜೀವ ಇದ್ದವರಲ್ಲಿ ತೋರಿಸ್ತೇನೆ," ಎನ್ನುತ್ತಿದ್ದ.

ತೋರಿಸಿದ ಕೂಡ. ಹೊಸ ಆಳು ಬಂದಾಗಲೆಲ್ಲ ಕೋರೆಯ ಮೇಸ್ತ್ರಿ ಇವನನ್ನು ಕರೆಯತೊಡಗಿದ. ಆಳು ಪಿಕ್ಕಾಸನ್ನು ನಾಲ್ಕು ಸಲ ಬೀಸುವುದನ್ನು ಇವನು ಹಿಂದಿನಿಂದ ನೋಡುತ್ತಿದ್ದ, ಪಾದವನ್ನು ಮಾತ್ರ.

"ಎಂತ ಹೇಳ್ತಿ?" ಎಂದು ಮೇಸ್ತ್ರಿ.

"ಮೂರು ದಿನ."

ನಾಲ್ಕನೆಯ ದಿನ ಆ ಆಳು ಸೊಂಟ ಹಿಡಿದುಕೊಂಡು ಮನೆಯಲ್ಲಿ ಮಲಗಿರುತ್ತಿದ್ದ. ಪಿಕ್ಕಾಸು ಇಳಿಯುವ ಹೊತ್ತಿಗೆ ಹಿಮ್ಮಡಿ ಎದ್ದರೆ ಪೆಟ್ಟು ಕಲ್ಲಿಗೆ ಹೋಗುವುದಿಲ್ಲ, ನಡುವಿಗೆ ಬರುತ್ತದೆ. ಇದನ್ನು ನನಗೆ ಕಲಿಸಿದವನು ಅವನೇ. ನನ್ನ ಸೊಂಟ ಇಂದಿಗೂ ನೆಟ್ಟಗಿರುವುದು ಆ ಬೋಳನ ಹಿಮ್ಮಡಿಯಿಂದ ಎಂದರೆ ನೀವು ನಂಬಲಿಕ್ಕಿಲ್ಲ. ಅವನಿಗೆ ಜಾಗ ಜಮೀನು ಹೆಚ್ಚು ಇರಲಿಲ್ಲ, ಓದು ನನಗಿಂತ ಕಡಿಮೆ. ಹೆಮ್ಮೆ ಪಡಲು ಇದ್ದದ್ದು ಒಂದೇ, ಅವನ ಕಣ್ಣು.

ಕೆಂಪುಕಲ್ಲಿನ ಕೋರೆ ನೋಡಿದ್ದೀರಲ್ಲ. ಕಡಿಯುತ್ತ ಕಡಿಯುತ್ತ ನೆಲದೊಳಗೆ ಚೌಕದ ಕೋಣೆಯಾಗುತ್ತದೆ, ಗೋಡೆ ನೆಟ್ಟಗೆ, ನೆಲ ಸಪಾಟು, ಮೇಲೆ ಬರೀ ಆಕಾಶ. ಬಾಕ್ಸಿಂಗ್ ರಿಂಗಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕೇ? ಗಂಜಿ ಉಂಡು ಅರ್ಧ ಗಂಟೆ ಬಿಡುವು. ಕೈಗೆ ಗೋಣಿ ಸುತ್ತಿಕೊಂಡು ಬೋಳನೂ ಹಂದಿಯೂ ಆಗುತ್ತಿದ್ದೆವು. ಯಾವಾಗಲೂ ಅವನೇ ಬೋಳ. ಮೇಲಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ ಉಳಿದ ಆಳುಗಳು ಕೂಗುತ್ತಿದ್ದರು. "ಹೋಯ್, ಹೆಣ್ಣು ನೋಡ್ಲಿಕ್ಕೆ ಬಂದದ್ದಾ? ಒಂದು ಬಿಡು ಅವನಿಗೆ!" ಸಂಜೆ ಮೈಯೆಲ್ಲ ಕೆಂಪು ಧೂಳು, ಮೊಣಕೈಯಲ್ಲಿ ತರಚು. ಅಷ್ಟು ದಣಿದು ಅಷ್ಟು ಹಗುರಾಗಿ ಆಮೇಲೆ ಎಂದೂ ನಾನು ಮನೆಗೆ ನಡೆದದ್ದಿಲ್ಲ.

ನಮ್ಮಲ್ಲಿ ತೀರದ ಒಂದು ವಾದ ಇತ್ತು. ಒಂದು ಹಾಳೆಯಲ್ಲಿ ಬೋಳನ ಎರಡು ಚಿತ್ರ, ಒಂದರ ಕೆಳಗೆ ಒಂದು. ಮೇಲಿನದರಲ್ಲಿ ಎದುರಾಳಿ ಕೈ ಎತ್ತಿದ್ದಾನೆ, ಬೋಳ ಅವನ ಎದುರಿಗೇ ಇದ್ದಾನೆ. ಕೆಳಗಿನದರಲ್ಲಿ ಪೆಟ್ಟು ಗಾಳಿಯಲ್ಲಿ, ಬೋಳ ಒಂದು ಮಾರು ಆಚೆ. ನಡುವೆ ಏನಾಯಿತು? ಬೋಳ ಮೊದಲು ತೆಗೆದದ್ದು ಹಿಂದಿನ ಕಾಲು ಎಂದು ಅವನು. ಮುಂದಿನ ಕಾಲು ಎಂದು ನಾನು, ಏಕೆಂದರೆ ನಾನು ತೆಗೆಯುತ್ತಿದ್ದದ್ದು ಹಾಗೆ.

"ಮುಂದಿನದನ್ನು ಮೊದಲು ತೆಗೆದ್ರೆ ಎರಡು ಕಾಲೂ ಒಟ್ಟಿಗೆ ಬರ್ತದೆ ಪೆದ್ದ. ಮುಟ್ಟಿದ್ರೆ ಸಾಕು, ಬೀಳ್ತಾನೆ."

"ನೀನು ಅಲ್ಲಿ ಇದ್ದಿಯಾ ನೋಡ್ಲಿಕ್ಕೆ?"

"ನೀನು ಇದ್ದಿಯಾ?"

ಎಷ್ಟೋ ವರ್ಷ ಈ ಮಾತು ಹೀಗೇ ನಡೆಯಿತು. ಅವನು ಹೇಳುವುದು ಸರಿಯಿರಬಹುದು ಎಂದು ನನಗೆ ಒಳಗೊಳಗೆ ಅನಿಸಿತ್ತು. ಒಪ್ಪಲಿಲ್ಲ. ಒಪ್ಪುವುದು ನನ್ನ ಜಾಯಮಾನವಲ್ಲ.

ಕೋರೆಗೆ ಯಂತ್ರ ಬಂತು. ನಾವು ಹದಿನೈದು ಮಂದಿ ಮಾಡುತ್ತಿದ್ದದ್ದನ್ನು ಚಕ್ರದ ಗರಗಸ ಮಾಡತೊಡಗಿತು. ಅವನು ಕಕ್ಕಿಂಜೆಗೆ ಹಿಂದಿರುಗಿ ಸ್ವಲ್ಪ ಕಾಲ ಕಟ್ಟಡದ ಕೆಲಸ ಮಾಡಿದ. ಕೈಯಲ್ಲಿ ಕೆತ್ತಿದ ಕಲ್ಲೇ ಬೇಕು ಎನ್ನುವವರನ್ನು ಹುಡುಕಿಕೊಂಡು ನಾನು ಊರೂರು ತಿರುಗಿದೆ. ಹಬ್ಬಕ್ಕೊಮ್ಮೆ ಭೇಟಿ, ಆಮೇಲೆ ಅದೂ ವಿರಳ. ಅವನ ಕಣ್ಣನ್ನು ಸಕ್ಕರೆ ಕಾಯಿಲೆ ನಿಧಾನವಾಗಿ ತಿಂದಿತು. ಪೆಟ್ಟಿಗೆಯ ಹಾಳೆಗಳನ್ನು ಗೆದ್ದಲು ತಿಂದಿತು. ಎರಡೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ.

ನನ್ನ ಕೈಗೆ ದೊಡ್ಡ ಫೋನು ಬಂದದ್ದು ತಡವಾಗಿ. ಒಂದು ಭಾನುವಾರ ಬೆಳಿಗ್ಗೆ, ಯೋಚನೆ ಬಂದು, ಅದರ ಬಾಯಿಗೆ ಬಾಯಿಟ್ಟು "ಹಳೇ ಕಾಲದ ಬಾಕ್ಸಿಂಗ್" ಎಂದೆ. ಪರದೆಯ ಮೇಲೆ ಬೋಳ ಬಂದ! ಚಿತ್ರವಲ್ಲ. ನಡೆಯುವ, ತಿರುಗುವ, ಹಲ್ಲು ತೋರಿಸುವ ಬೋಳ. ಬಿಸಿಲಿನಲ್ಲಿ ಹ್ಯಾಟು ಹಾಕಿ ಕೂತ ಸಾವಿರಾರು ಜನ. ಇಷ್ಟು ವರ್ಷ ಅವರೆಲ್ಲ ಎಲ್ಲಿದ್ದರು? ನಾನು ಪೂರ್ತಿ ನೋಡಲೂ ಇಲ್ಲ. ಅವನ ಜೊತೆಯಲ್ಲೇ ನೋಡಬೇಕು ಎಂದು ಅಂಗಿ ಹಾಕಿಕೊಂಡು ಹೊರಟೆ. ಬೆಳ್ತಂಗಡಿಯಲ್ಲಿ ಇಳಿದು ಚಾರ್ಮಾಡಿಯ ಬಸ್ಸು ಹಿಡಿದೆ.

ಅವನು ಜಗಲಿಯಲ್ಲಿ ಕೂತಿದ್ದ. ವಿಷಯ ಹೇಳಿದೊಡನೆ ಮುಖ ಅರಳಿತು. ಅವನ ಹೆಂಡತಿ ಒಳಗಿನಿಂದ, "ಇವರಿಗೆ ಬಾಕ್ಸಿಂಗ್ ಅಂದ್ರೆ ಮಾತ್ರೆಯೂ ಬೇಡ, ಇನ್ಸುಲಿನ್ನೂ ಬೇಡ," ಎಂದರು. ನಾನು ಪಕ್ಕದಲ್ಲಿ ಕೂತು ಫೋನನ್ನು ಮೊಣಕಾಲ ಮೇಲೆ ನಿಲ್ಲಿಸಿದೆ. ನಾನು ನೋಡಿ ಹೇಳಬೇಕು, ಅವನು ಕೇಳಬೇಕು.

"ಹಿಮ್ಮಡಿ ಹೇಳು ಮೊದಲು," ಎಂದ.

ನಾನು ನೋಡಿದೆ. ಮತ್ತೆ ನೋಡಿದೆ. ನನ್ನ ತಪ್ಪು ಏನೆಂದರೆ, ಕಂಡದ್ದನ್ನು ಕಂಡ ಹಾಗೆ ಹೇಳಿಬಿಟ್ಟದ್ದು. "ಹಿಮ್ಮಡಿ ನೆಲದಲ್ಲಿಲ್ಲ ಮಾರಾಯ. ಕುಪ್ಪಳಿಸ್ತಾನೆ, ಕೀ ಕೊಟ್ಟ ಗೊಂಬೆಯ ಹಾಗೆ. ಎದುರಿನವ ಬಂದ್ರೆ ಅಪ್ಪಿಕೊಳ್ತಾನೆ. ಬಿಡ್ತಾನೆ, ಪುನಃ ಅಪ್ಪಿಕೊಳ್ತಾನೆ."

"ಬೋಳನಾ?"

"ಬೋಳನೇ."

"ಬೇರೆಯವ ಇರ್ಬೇಕು. ಸರಿ ನೋಡು."

"ಬೋಳನೇ ಮಾರಾಯ, ನನಗೆ ಗುರ್ತ ಇಲ್ವಾ?" ನನಗೂ ಬೇಸರವಾಗಿತ್ತು, ಆ ಬೇಸರದಲ್ಲಿ ಇನ್ನೊಂದು ಮಾತು ಹೆಚ್ಚಾಗಿ ಬಂತು. "ನಮ್ಮ ಕಡೆ ಈಗ ಕಾಲೇಜು ಮಕ್ಕಳು ಇದಕ್ಕಿಂತ ಲಾಯ್ಕ ಮಾಡ್ತಾರೆ."

ಅವನು ಕೈಯಿಂದ ಜಗಲಿಯ ಅಂಚನ್ನು ಸವರುತ್ತ ಕೂತ. ಆಮೇಲೆ, "ಹಾಗಾದ್ರೆ ಕಣ್ಣು ಇದ್ದಾಗಲೂ ನನಗೆ ಕಾಣ್ತಿರ್ಲಿಲ್ಲ ಅಂತ ಆಯ್ತು," ಎಂದ. ಎದ್ದು ಗೋಡೆ ಹಿಡಿದು ಒಳಗೆ ಹೋದ. ಅವನ ಹೆಂಡತಿ ತಂದ ಚಹಾವನ್ನು ನಾನೊಬ್ಬನೇ ಕುಡಿದೆ.

ಮರುದಿನದಿಂದ ನಾನು ಫೋನು ಮಾಡಿದರೆ ಹೆಂಡತಿ ಎತ್ತುತ್ತಿದ್ದರು. ಅವರು ಮಲಗಿದ್ದಾರೆ, ಸ್ನಾನಕ್ಕೆ ಹೋಗಿದ್ದಾರೆ. ಕಣ್ಣಿಲ್ಲದವನಿಗೆ ಎಷ್ಟು ಸ್ನಾನ? ಅವನ ಹತ್ತಿರ ಉಳಿದಿದ್ದ ಒಂದೇ ಸೊತ್ತನ್ನು ನಾನು ಕಿತ್ತುಕೊಂಡಿದ್ದೆ. ಸುಳ್ಳು ಹೇಳಿಯಲ್ಲ, ನಿಜ ಎಂದುಕೊಂಡು. ಅದೇ ನನ್ನನ್ನು ಹೆಚ್ಚು ಸುಟ್ಟದ್ದು.

ಆಗ ನನಗೆ ಮೂಡುಬಿದಿರೆಯಲ್ಲಿ ಕೆಲಸ. ಒಂದು ಜೈನ ಮನೆತನದವರು ನೋಡಿಕೊಳ್ಳುವ ಬಸದಿಯ ಹಿಂಭಾಗದ ಪಾಗಾರದ ಗೋಡೆ ಕುಸಿದಿತ್ತು. ಹಳೆಯ ಕಲ್ಲಿಗೆ ಹೊಂದುವ ಹಾಗೆ ಹೊಸ ಕಲ್ಲನ್ನು ಕೈಯಲ್ಲೇ ಕೆತ್ತಬೇಕು. ಆ ಮನೆಯ ಮಗಳು, ಕಟ್ಟಡದ ಇಂಜಿನಿಯರು, ದಿನಾ ಬಂದು ಅಳತೆ ನೋಡುವವಳು. ಒಂದು ದಿನ ನಾನು ಕಲ್ಲು ಕಡಿಯುವುದನ್ನು ಫೋನಿನಲ್ಲಿ ಹಿಡಿದಳು. ಮರುದಿನ ತೋರಿಸಿದಳು. "ನೋಡಿ ಅಂಕಲ್, ಎಷ್ಟು ಜನ ನೋಡಿದ್ದಾರೆ!"

ನಾನು ನೋಡಿದೆ. ಯಾರೋ ಒಬ್ಬ ಕೆಂಪು ಧೂಳಿನಲ್ಲಿ ಕುಪ್ಪಳಿಸುತ್ತಿದ್ದ. ಪಿಕ್ಕಾಸು ಟಕಟಕ ಎಂದು ಕುಟ್ಟುತ್ತಿತ್ತು, ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಕಲ್ಲು ಕಡಿಯುವ ಹಾಗಲ್ಲ, ಕೋಳಿ ಕಾಳು ಹೆಕ್ಕುವ ಹಾಗೆ.

"ಇದು ನಾನಲ್ಲ," ಎಂದೆ.

"ನೀವೇ ಅಂಕಲ್! ಸ್ಪೀಡ್ ಮಾಡಿದ್ದೇನೆ. ಇಲ್ಲದಿದ್ರೆ ಯಾರೂ ಪೂರ್ತಿ ನೋಡುವುದಿಲ್ಲ."

"ನಲವತ್ತು ವರ್ಷದಿಂದ ಈ ಕಾಲನ್ನು ನೆಲಕ್ಕೆ ಊರಿ ಕೆಲಸ ಮಾಡಿದ್ದೇನೆ ಮಗಾ. ಇದರಲ್ಲಿ ನನ್ನನ್ನು ಮಂಗ ಮಾಡಿಬಿಟ್ಟಿದ್ದೀಯಲ್ಲ..." ಎನ್ನುತ್ತಿದ್ದವನು ಅಲ್ಲಿಗೇ ನಿಂತೆ. ಕೈಯಲ್ಲಿದ್ದ ಕಲ್ಲು ಕೆತ್ತುವ ಕೊಡಲಿಯನ್ನು ಕೆಳಗಿಟ್ಟೆ. ಕೈ ಒರೆಸಿಕೊಂಡು ನನ್ನ ಫೋನು ತೆಗೆದು ಬೋಳನನ್ನು ಅವಳಿಗೆ ತೋರಿಸಿದೆ. "ಇದೂ ಹಾಗೆಯಾ ನೋಡು."

ಅವಳು ಸ್ವಲ್ಪ ಹೊತ್ತು ನೋಡಿದಳು. ಆ ಕಾಲದ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರಂತೆ, ಸೆಕೆಂಡಿಗೆ ತೆಗೆಯುವ ಚಿತ್ರಗಳು ಕಡಿಮೆಯಂತೆ. ಈಗಿನ ಲೆಕ್ಕದಲ್ಲಿ ಓಡಿಸಿದರೆ ಎಲ್ಲರೂ ಅವಸರದಲ್ಲಿ ಕುಣಿದ ಹಾಗೆ ಕಾಣುತ್ತದಂತೆ. "ನಿಧಾನ ಮಾಡ್ಲಿಕ್ಕೆ ಆಗ್ತದೆ ಅಂಕಲ್, ಇಲ್ಲಿ ಒತ್ತಿ." ಮುಕ್ಕಾಲು ವೇಗಕ್ಕೆ ಇಳಿಸಿ ಕೊಟ್ಟಳು.

ಬಸದಿಯ ಹಿಂದಿನ ನೆರಳಿನಲ್ಲಿ ಕೂತು ನಾನು ನೋಡಿದೆ. ಬೋಳ ನೆಲಕ್ಕೆ ಇಳಿದ.

ಹೇಗೆ ಹೇಳಲಿ? ಅವನ ಹಿಂದಿನ ಹಿಮ್ಮಡಿ ನೆಲವನ್ನು ಕೇಳಿಯೇ ಎದ್ದ ಹಾಗೆ ಏಳುತ್ತಿತ್ತು, ಹೇಳಿಯೇ ಕೂತ ಹಾಗೆ ಕೂರುತ್ತಿತ್ತು. ನಾನು ಅಪ್ಪಿಕೊಳ್ಳುವುದು ಎಂದದ್ದು ಅಪ್ಪುಗೆಯೇ ಅಲ್ಲ. ಎದುರಾಳಿಯ ಭುಜ ಅಲುಗುವ ಮೊದಲೇ ಬೋಳನ ತೆರೆದ ಅಂಗೈ ಅವನ ರಟ್ಟೆಯ ಮೇಲೆ ಇರುತ್ತಿತ್ತು. ಪೆಟ್ಟು ಹುಟ್ಟುವ ಜಾಗದಲ್ಲೇ ಅದನ್ನು ಅದುಮಿ, ಎರಡು ಮಾತು ಆಡಿ, ನಕ್ಕು, ಕಳಿಸಿಬಿಡುತ್ತಿದ್ದ. ಇಪ್ಪತ್ತು ಸುತ್ತು, ಅದಕ್ಕಿಂತ ಹೆಚ್ಚು, ಸುಡು ಬಿಸಿಲು, ಕೈಯಲ್ಲಿ ಸಣ್ಣ ಗ್ಲೌಸು. ಐವತ್ತು ಕಲ್ಲು ಕಡಿಯಬೇಕಾದವನು ಐದು ಕಲ್ಲಿನವನ ಹಾಗೆ ಪಿಕ್ಕಾಸು ಬೀಸುತ್ತಾನೆಯೇ? ಇಂದಿನ ಬಾಕ್ಸರುಗಳು ಇವರನ್ನು ಸೋಲಿಸಬಹುದು. ಗರಗಸದ ಯಂತ್ರ ನನ್ನನ್ನೂ ಸೋಲಿಸಿತು. ಆದರೆ ಕಸುಬು ಯಾರಿಗೆ ಗೊತ್ತಿತ್ತು ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಉತ್ತರ ಪಾದದಲ್ಲಿ ಉಂಟು.

ಉಳಿದವರನ್ನೂ ನೋಡಿದೆ. ಕಂಬ ನಿಧಾನದಲ್ಲಿಯೂ ಕಂಬವೇ. ಹಂದಿಯನ್ನು ನೋಡುವಾಗ ಎದ್ದು ನಿಂತೆ.

ಆ ಭಾನುವಾರ ಹೇಳದೆ ಕೇಳದೆ ಕಕ್ಕಿಂಜೆಗೆ ಹೋದೆ. ಅವನು ಜಗಲಿಯಲ್ಲೇ ಇದ್ದ. ನನ್ನ ಚಪ್ಪಲಿಯ ಸದ್ದಿಗೇ ಮುಖ ಆಚೆ ತಿರುಗಿಸಿದ. ಕ್ಯಾಮೆರಾದ ಕಥೆ, ವೇಗದ ಕಥೆ ಎಲ್ಲ ಹೇಳಿದೆ. ಬೋಳನ ಹಿಮ್ಮಡಿ ಹೇಳಿದೆ. ಅವನು ತಣ್ಣಗೆ ಕೇಳಿದ.

"ಆಯ್ತು. ಸಮಾಧಾನ ಹೇಳ್ಲಿಕ್ಕೆ ಅಷ್ಟು ದೂರದಿಂದ ಬಂದದ್ದು ಒಳ್ಳೇದಾಯ್ತು. ಚಹಾ ಕುಡಿದು ಹೋಗು."

"ಸಮಾಧಾನ ಅಲ್ಲ ಮಾರಾಯ, ನಿಜ."

"ಆವತ್ತೂ ನಿಜ ಅಂದಿ. ನನಗೆ ಕಾಣ್ತದಾ? ನೀನು ಹೇಳಿದ್ದೇ ನಿಜ."

ಅವನು ಹೇಳುವುದು ಸರಿಯೇ. ಗೆಳೆಯ ಕರುಣೆಯಿಂದ ಹೇಳುವ ಸುಳ್ಳು ಮತ್ತು ನಿಜ, ಎರಡೂ ಕತ್ತಲೆಯಲ್ಲಿ ಒಂದೇ ದನಿಯಲ್ಲಿ ಬರುತ್ತವೆ. ನಾನು ಹೊಗಳಿದಷ್ಟೂ ಅವನ ಮುಖ ಮುಚ್ಚುತ್ತ ಹೋಯಿತು. ಆಗ ಹಂದಿಯ ವಿಷಯ ಹೇಳಿದೆ.

"ಹಂದಿಯಲ್ಲಿ ನೀನು ತಪ್ಪಿದ್ದಿ. ಬರೀ ಮೈ, ಕಾಲು ಇಲ್ಲ ಅಂತ ಹೇಳ್ತಿದ್ದಿ. ಕಾಲು ಉಂಟು ಅವನಿಗೆ. ಅವನಷ್ಟು ಚಂದ ನುಗ್ಗುವವ ಒಬ್ಬನೂ ಇಲ್ಲ."

ಅವನ ಹುಬ್ಬು ಸ್ವಲ್ಪ ಎದ್ದಿತು. ನಾನು ಹೇಳಬೇಕಾದ ಇನ್ನೊಂದು ಬಾಕಿ ಇತ್ತು. ಅದನ್ನು ಹೇಳುವುದಕ್ಕಿಂತ ಕಲ್ಲನ್ನಾದರೂ ಹೊತ್ತೇನು. ಅಂಗಳದಾಚೆಯ ದಾರಿಯಲ್ಲಿ ಒಂದು ಬೈಕು ಹೋಗುವವರೆಗೆ ಕಾದೆ.

"ಎದ್ದು ನಿಲ್ಲು," ಎಂದೆ.

ನಿಂತ. ಅವನ ಎರಡು ಅಂಗೈಗಳನ್ನು ನನ್ನ ಸೊಂಟದ ಮೇಲಿಟ್ಟು, ಬೋಳ ಹಿಂದೆ ಸರಿದ ಹಾಗೆ ಸರಿದು ತೋರಿಸಿದೆ. "ಈಗ ಹೇಳು, ಯಾವ ಕಾಲು ಮೊದಲು?"

"ಹಿಂದಿನದು," ಎಂದ.

"ಬೋಳ ತೆಗೆದದ್ದೂ ಅದನ್ನೇ. ಏಳು ಸಲ ನೋಡಿದೆ. ನಾನು ಅಷ್ಟು ವರ್ಷ ಹೇಳಿದ್ದು ತಪ್ಪು. ನಾನು ಸೋತೆ."

ಅವನ ಕೈ ನನ್ನ ಸೊಂಟದ ಮೇಲೇ ಇತ್ತು. ಮೊದಲು ಬೆರಳು ಅಲುಗಿತು, ಆಮೇಲೆ ಭುಜ, ಆಮೇಲೆ ಇಡೀ ಮೈ. ಅಳುತ್ತಿದ್ದಾನೆಂದು ಹೆದರಿದೆ. ನಗುತ್ತಿದ್ದ.

"ಹೋಯ್, ಕೇಳಿದಿಯಾ?" ಎಂದು ಒಳಗಿನ ಹೆಂಡತಿಗೆ ಕೂಗಿದ. "ಇವ ಸೋತೆ ಅಂದ! ಈ ಜನ್ಮದಲ್ಲಿ ಇದೇ ಮೊದಲು! ಇನ್ನು ಬೋಳನ ಸುದ್ದಿ ಸುಳ್ಳಾಗ್ಲಿಕ್ಕೆ ಸಾಧ್ಯವೇ ಇಲ್ಲ." ನನ್ನ ಕಡೆ ತಿರುಗಿ ದನಿ ತಗ್ಗಿಸಿದ. "ಆ ಅಂಗೈ ಎಲ್ಲಿ ಇಡ್ತಾನೆ ಅಂದಿ? ಇಟ್ಟು ತೋರಿಸು."

ಅವನ ರಟ್ಟೆಯ ಮೇಲೆ ಅಂಗೈ ಇಟ್ಟೆ. ಅವನು ಪೆಟ್ಟು ಹೊಡೆಯಲು ನೋಡಿದ, ಆಗಲಿಲ್ಲ. ಮತ್ತೆ ನೋಡಿದ. ಆಮೇಲೆ ಅವನು ನನ್ನ ರಟ್ಟೆಯ ಮೇಲಿಟ್ಟ. ಅವನ ತೋಳು ಎಷ್ಟು ಸಪೂರವಾಗಿತ್ತೆಂದರೆ ನನ್ನ ಕೈಯಲ್ಲಿ ಇಡಿಯಾಗಿ ಹಿಡಿಯುತ್ತಿತ್ತು. ಕಲ್ಲನ್ನು ಹೆಗಲಿಗೆ ಎತ್ತುತ್ತಿದ್ದ ತೋಳು ಅದು. ಜಗಲಿಯಲ್ಲಿ ನಾವು ಇಬ್ಬರು ಮುದುಕರು ಹಾಗೆ ಹಿಡಿದುಕೊಂಡು ನಿಂತದ್ದನ್ನು ನೋಡಿ ಅವನ ಹೆಂಡತಿ, "ಬೀಳ್ಬೇಡಿ ಮಾರಾಯ್ರೆ, ಎತ್ಲಿಕ್ಕೆ ನಾನೊಬ್ಬಳೇ ಇರುವುದು," ಎಂದರು.

"ಬೈರಾಸು ಉಂಟಾ ನಿನ್ನ ಹತ್ರ?" ಎಂದು ಅವನು ಕೇಳಿದ.

"ಉಂಟು."

"ಫೋನಿನ ಮೇಲೆ ಹಾಕು. ಪಾದ ಮಾತ್ರ ಕಾಣ್ಲಿ. ನೀನು ಪಾದ ಹೇಳು, ಯಾರು ಗೆಲ್ತಾನೆ ಅಂತ ನಾನು ಹೇಳ್ತೇನೆ."

ಸಂಜೆಯ ಬಸ್ಸಿನವರೆಗೆ ಅದೇ ಆಯಿತು.

ಹಿಂದಿರುಗುವಾಗ ವಾಮದಪದವಿನಲ್ಲಿ ಇಳಿದು ಹಳೆಯ ಕೋರೆಯ ಕಡೆ ನಡೆದೆ. ಅದರಲ್ಲಿ ಈಗ ಹಸುರು ನೀರು ನಿಂತಿದೆ, ಸುತ್ತ ತಂತಿಬೇಲಿ. ನಮ್ಮ ರಿಂಗು ಅದರ ತಳದಲ್ಲಿದೆ. ಗೋಡೆಯ ಮೇಲಿನ ಸಾಲಿನಲ್ಲಿ ಪಿಕ್ಕಾಸಿನ ಗುರುತು ಇನ್ನೂ ಕಾಣುತ್ತದೆ. ಓರೆಯಾದದ್ದು ಅವನದು, ನೇರ ಇಳಿದದ್ದು ನನ್ನದು. ಕಳೆದ ವರ್ಷಗಳನ್ನೆಲ್ಲ ಮರಳಿ ಕೊಡಿ ಎಂದು ನಾನು ಯಾರನ್ನೂ ಕೇಳುವುದಿಲ್ಲ, ಅವು ಕಷ್ಟದ ವರ್ಷಗಳು. ಗಂಜಿಯ ಅನಂತರದ ಅರ್ಧ ಗಂಟೆ ಒಂದು ಸಿಕ್ಕಿದರೆ ಸಾಕಿತ್ತು. ಕೈಗೆ ಗೋಣಿ ಸುತ್ತಿಕೊಂಡು, ಕೆಂಪು ನೆಲದಲ್ಲಿ, ಅವನ ಕಣ್ಣು ನನ್ನ ಪಾದದ ಮೇಲೆ.

ಈಗ ನನ್ನಲ್ಲಿರುವುದು: ಪಿಕ್ಕಾಸು ಎರಡು, ಕಲ್ಲು ಕೆತ್ತುವ ಕೊಡಲಿ ಒಂದು. ಬೈರಾಸು ಮೂರು. ಫೋನು ಒಂದು, ಅದರಲ್ಲಿ ಹಳೆಯ ಪಂದ್ಯ ಒಂಬತ್ತು. ಚಿತ್ರದ ಹಾಳೆ ಒಂದೂ ಇಲ್ಲ. ಒಪ್ಪಿಕೊಂಡ ಸೋಲು ಒಂದು. ಗೆಳೆಯ ಒಬ್ಬ, ಕಕ್ಕಿಂಜೆಯಲ್ಲಿ.